ಭಾನುವಾರದ ಅಂಕಿಗಳು

ಟಿಕೆಟುಗಳು ಇದ್ದದ್ದೇ ಎರಡು. ಆದರೂ ಅವಳು ಅವನ್ನು ಎರಡು ಸಲ ಎಣಿಸಿ, ಒಂದರ ಮೇಲೊಂದಿಟ್ಟು ಅಂಚು ಸರಿಮಾಡಿ, ಅವನ ಕಡೆ ಚಾಚಿ, "ನೀವೂ ಒಂದ್ಸಲ ನೋಡಿಬಿಡಿ" ಎಂದಳು. ಅವನು ನೋಡಿದ. ಒಂದು, ಎರಡು. "ಸರಿಯಾಗಿದೆ" ಎಂದ. ಮನೆ ಬಿಟ್ಟು ಒಂಬತ್ತು ದಿನವಾಗಿತ್ತು. ಈ ಒಂಬತ್ತು ದಿನಗಳಲ್ಲಿ ಪಾಸ್‌ಪೋರ್ಟಿಗೆ, ಹೋಟೆಲ್ ಕೋಣೆಯ ಬೀಗಕ್ಕೆ, ಬಚ್ಚಲ ನಲ್ಲಿಗೆ, ರೈಲಿನ ಬೋಗಿಯ ನಂಬರಿಗೆ, ಅವಳ ರಕ್ತದೊತ್ತಡದ ಮಾತ್ರೆಗೆ ಅವನು ಎಷ್ಟು ಸಲ ಸರಿಯಾಗಿದೆ ಎಂದಿದ್ದನೋ. ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿರುತ್ತಿತ್ತು, ರಬ್ಬರ್ ಮೊಹರಿನ ಹಾಗೆ. ಪ್ರತಿ ಸಲ ಒತ್ತಿದಾಗಲೂ ಒಳಗೆಲ್ಲೋ ನೋಯುತ್ತಿತ್ತು. ಆದರೆ ಆ ನೋವಿಗೂ ಹದಿನೇಳು ವರ್ಷವಾಗಿ, ಚಪ್ಪಲಿ ಕಚ್ಚಿ ಕಚ್ಚಿ ದಡ್ಡುಗಟ್ಟಿದ ಚರ್ಮದಂತೆ ಆ ಜಾಗ ಗಟ್ಟಿಯಾಗಿತ್ತು. ಒಂದು ಕಾಲದಲ್ಲಿ 'ನೋಡಿಬಿಡಿ' ಎಂದು ಕೇಳುತ್ತಿದ್ದವನು ಅವನು. ನೋಡಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ರಿಜಿಸ್ಟರಿನ ಕೊನೆಯ ಅಂಕಣದಲ್ಲಿ, 'ಪರಿಶೀಲಿಸಿದವರು' ಎಂದು ಅಚ್ಚಾದ ಜಾಗದಲ್ಲಿ ಸಹಿ ಹಾಕುತ್ತಿದ್ದವಳು ಅವಳು.

ಮ್ಯೂಸಿಯಮ್ಮಿನ ಬಾಗಿಲ ಬಳಿ, ಕೋಟು ಚೀಲಗಳನ್ನು ಇರಿಸಿಕೊಳ್ಳುವ ಕೌಂಟರಿನಲ್ಲಿ, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ ಎಂದರು. ಸಣ್ಣ ಕೈಚೀಲ ಇರಲಿ, ಬಾಟಲಿ ಬೇಡ. ಕೊಡುವ ಮೊದಲು ಎರಡು ಗುಟುಕು ಕುಡಿಯೋಣವೆಂದು ಅವಳು ಮುಚ್ಚಳ ತಿರುಗಿಸಿ, ಬಾಟಲಿಯ ಬಾಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಮೂಸಿದಳು. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಕೌಂಟರಿನ ನರೆಗೂದಲಿನ ಮನುಷ್ಯ ಅದನ್ನು ನೋಡಿ, ಹರುಕು ಇಂಗ್ಲಿಷಿನಲ್ಲಿ, "ನೀರು ಕೆಟ್ಟಿದೆಯಾ?" ಎಂದು ಕೇಳಿದ. "ಇಲ್ಲ, ಇಲ್ಲ, ಅದು ಅವಳ ಅಭ್ಯಾಸ" ಎಂದು ಅವನು ನಕ್ಕ. ಆ ನಗು ತನಗೂ ಕೌಂಟರಿನವನಿಗೂ ನಡುವೆ ಒಂದು ಒಪ್ಪಂದದ ಹಾಗಿತ್ತು. ಹೆಂಗಸರು, ವಯಸ್ಸು, ಏನು ಮಾಡೋದು ಹೇಳಿ. ನಕ್ಕ ಮೇಲೆ ಕಿವಿ ಬಿಸಿಯಾಯಿತು. ಹೆಂಡತಿ ನೀರು ಮೂಸಿದಳೆಂದು ಅಪರಿಚಿತನೆದುರು ನಾಚಿಕೆ. ಅವಳು ಯಾಕೆ ಮೂಸುತ್ತಾಳೆಂದು ಲೋಕದಲ್ಲಿ ಗೊತ್ತಿರುವವನು ತಾನೊಬ್ಬನೇ ಎಂಬುದು ನೆನಪಾಗಿ ಆ ನಾಚಿಕೆಯ ಮೇಲೆ ಇನ್ನೊಂದು ನಾಚಿಕೆ. ಅವಳು ಕುಡಿದು, ಬಾಟಲಿ ಕೊಟ್ಟು, ಕೌಂಟರಿನವನು ಕೊಟ್ಟ ಹಿತ್ತಾಳೆಯ ಬಿಲ್ಲೆಯ ನಂಬರನ್ನು ಬಾಯಲ್ಲೇ ಹೇಳಿಕೊಂಡು, ಅದನ್ನು ಗಂಡನ ಕೈಗಿತ್ತಳು.

ಒಳಗೆ ಆ ಊರಿನ ಹಳೆಯ ಕಸುಬುಗಳ ಕೋಣೆಗಳು ಒಂದರ ಹಿಂದೊಂದು ರೈಲುಬೋಗಿಯಂತೆ ಜೋಡಿಸಿಕೊಂಡಿದ್ದವು. ಬೇಕರಿಯವನ ಮರದ ತೊಟ್ಟಿ, ದರ್ಜಿಯ ಕಬ್ಬಿಣದ ಇಸ್ತ್ರಿ, ಹಲ್ಲು ಕೀಳುವವನ ಇಕ್ಕಳ. ಅದನ್ನು ನೋಡಿ ಅವಳು ದವಡೆ ಹಿಡಿದುಕೊಂಡು, "ನಮ್ಮ ಡಾಕ್ಟರೇ ವಾಸಿ ಕಣ್ರಿ" ಎಂದಳು. ಬೀಗ ಮಾಡುವವನ ಗೋಡೆಯೆದುರು ಬಹಳ ಹೊತ್ತು ನಿಂತಳು. ದೊಡ್ಡ ಹಲಗೆಯ ತುಂಬ ಮೊಳೆಗಳು, ಮೊಳೆಗೊಂದು ಬೀಗದ ಕೈ. ಕೆಳಗಿನ ಫಲಕದಲ್ಲಿ ನಲವತ್ತೆರಡು ಎಂದು ಬರೆದಿತ್ತು. ಅವಳ ತುಟಿ ಅಲುಗುತ್ತಿರುವುದನ್ನು ಅವನು ಓರೆಗಣ್ಣಿನಲ್ಲಿ ನೋಡಿದ. "ನಂಗೆ ನಲವತ್ತೊಂದೇ ಬಂತು" ಎಂದಳು. ತಕ್ಷಣ ತಾನೇ, "ನನ್ನ ಎಣಿಕೆ ತಾನೆ, ಬಿಡಿ. ಎಲ್ಲೋ ಒಂದು ಹಾರಿಸಿರ್ತೀನಿ" ಎಂದು ಮುಂದೆ ಹೋದಳು. ಅವನು ನಿಂತು ಎಣಿಸಿದ. ನಲವತ್ತೊಂದು. ನಾಲ್ಕನೆಯ ಸಾಲಿನ ಒಂದು ಮೊಳೆ ಖಾಲಿಯಿತ್ತು, ಅದರ ಕೆಳಗೆ ಹೆಬ್ಬೆಟ್ಟಿನಷ್ಟು ಚೀಟಿ, ದುರಸ್ತಿಗೆ ಹೋಗಿದೆ ಎಂದೋ ಏನೋ. ಓಡಿಹೋಗಿ ಅವಳ ತೋಳು ಹಿಡಿದು, "ಏ, ನೀನೇ ಸರಿ. ನಲವತ್ತೊಂದೇ ಇರೋದು" ಎಂದ. ಅವಳು ನಕ್ಕಳು. "ನನ್ನ ಸಮಾಧಾನಕ್ಕೆ ಹೇಳ್ಬೇಡಿ." "ಬಂದು ನೋಡು ಬೇಕಾದ್ರೆ." "ಬೇಡ ಬಿಡಿ, ಕಾಲು ನೋಯುತ್ತೆ." ಹಿಂದಕ್ಕೆ ಹತ್ತು ಹೆಜ್ಜೆ. ತಾನು ಸರಿ ಎಂದು ತಿಳಿಯಲು ಹತ್ತು ಹೆಜ್ಜೆಯನ್ನೂ ಇಡಲಾರಳು.

ಇದೇ ಹೆಂಗಸು ಬೀಜ ಪರೀಕ್ಷೆಯ ಲ್ಯಾಬಿನಲ್ಲಿ, ಒದ್ದೆ ಕಾಗದದ ಮೇಲೆ ನೂರು ನೂರರಂತೆ ನಾಲ್ಕು ಸಲ, ಈರುಳ್ಳಿಯ ಕರಿ ಬೀಜವನ್ನು ಚಿಮಟದಲ್ಲಿ ಎತ್ತಿ ಎತ್ತಿ ಇಡುತ್ತಾ, ಜೊತೆಗೆ ಸ್ಟೋರಿನವನೊಂದಿಗೆ ಜಗಳವಾಡುತ್ತಾ, ಎಣಿಕೆಯಲ್ಲಿ ಒಂದೂ ತಪ್ಪದೆ ಮುಗಿಸಿ ಕೈಕೊಡವುತ್ತಿದ್ದಳು. ಅವಳು ವಿಭಾಗದ ಮುಖ್ಯಸ್ಥೆ, ಅವನು ಅವಳ ಕೆಳಗಿನವನು. ಮೊದಲು ಕೆಲಸ, ಆಮೇಲೆ ಮದುವೆ. ಮದುವೆಯಾದ ಮೇಲೂ ಲ್ಯಾಬಿನ ಹೊಸ್ತಿಲು ದಾಟಿದೊಡನೆ ಅವನು ಅವಳನ್ನು 'ಮೇಡಂ' ಎಂದೇ ಕರೆಯುತ್ತಿದ್ದ, 'ನೀವು' ಎಂದೇ. ಸಂಜೆ ಗೇಟಿನಾಚೆ ಅದು 'ನೀನು', 'ಕಣೇ' ಆಗುತ್ತಿತ್ತು. "ಏನಪ್ಪಾ, ಮನೇಲಿ ಅಡುಗೆಗೂ ಮೇಡಂ ಸಹಿ ಬೇಕಾ?" ಎಂದು ಸ್ಟೋರಿನವನು ಛೇಡಿಸುತ್ತಿದ್ದ. ಬೇಕಿತ್ತು, ಹಾಗೂ ಅದರಲ್ಲಿ ಅವನಿಗೊಂದು ಸುಖವಿತ್ತು. ತನ್ನ ಅಂಕಿಗಳನ್ನು ನಂಬಿ ಸಹಿ ಹಾಕುವ ಕೈಯೊಂದು ಇದೆ ಎಂಬ ಸುಖ. ಅವಳಿಗೆ ಒಂದೇ ಹಟ: ಓದಿದ್ದನ್ನು ಮಾತ್ರ ಬರೆಯಬೇಕು. ಓದದಿದ್ದರೆ ಅಡ್ಡಗೆರೆ ಎಳೆದು ಸಹಿ ಹಾಕಬೇಕು. ತಪ್ಪು ಬರೆದರೆ ಒಂದೇ ಗೆರೆಯಲ್ಲಿ ಹೊಡೆದು, ಕೆಳಗಿರುವುದು ಕಾಣುವ ಹಾಗೆ, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. "ಖಾಲಿ ಬಿಟ್ಟರೆ ಯಾರೂ ನಿಮ್ಮನ್ನ ಗಲ್ಲಿಗೆ ಹಾಕಲ್ಲ" ಎನ್ನುತ್ತಿದ್ದಳು ಹೊಸಬರಿಗೆ.

ಕೊನೆಗೆ ಸಿಕ್ಕ ಕೋಣೆ ಕೈಗವಸು ಹೊಲಿಯುವವರದ್ದು. ಗಾಜಿನೊಳಗೆ, ಮಂದ ಬೆಳಕಿನಲ್ಲಿ, ಕೈಗಳಿಲ್ಲದ ಕೈಗಳು ಸಾಲಾಗಿ ಮಲಗಿದ್ದವು. ಬಾಗಿಲ ಬಳಿ ಕುರ್ಚಿಯಲ್ಲಿ ಕಾವಲಿನ ಹೆಂಗಸೊಬ್ಬಳು, ಅಗಲವಾದ ಮೈ, ನೀಲಿ ಕೋಟು, ಮಡಿಲಲ್ಲಿ ಪದಬಂಧದ ಪುಸ್ತಕ. ಪದಬಂಧ ಕಂಡೊಡನೆ ಅವನು ಮುಖ ತಿರುಗಿಸಿದ. ಹೆಂಡತಿ ಕೈಗವಸುಗಳ ಮೇಲೆ ಬಾಗಿದಳು. ಅವನಿಗೆ ಕಂಡದ್ದು ಬೇರೆ. ಮೂಲೆಯಲ್ಲಿ, ಯಾರೂ ನೋಡದ ಕಡೆ, ಒಂದೂವರೆ ಮೊಳ ಎತ್ತರದ ಒಂದು ಸ್ಟೂಲಿನ ಮೇಲೆ, ಕೋಣೆಯ ಶಾಖ ಮತ್ತು ತೇವವನ್ನು ಬರೆದಿಡುವ ಯಂತ್ರವಿತ್ತು. ಗಾಜಿನ ಪೆಟ್ಟಿಗೆ, ಒಳಗೆ ವಾರಕ್ಕೊಂದು ಸುತ್ತು ತಿರುಗುವ ಉರುಳೆ, ಉರುಳೆಗೆ ಸುತ್ತಿದ ಚೌಕಳಿ ಕಾಗದ, ಅದನ್ನು ಮುಟ್ಟಿಯೂ ಮುಟ್ಟದಂತೆ ಎರಡು ಉದ್ದನೆಯ ಸೂಜಿಲೇಖನಿಗಳು. ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವ ಒಂದು ಹಿಡಿ ಕೂದಲೆಳೆ. ಪರದೇಶದ ಗುಂಪಿನಲ್ಲಿ ನಮ್ಮ ಊರಿನವನೊಬ್ಬ ಸಿಕ್ಕಿದ ಹಾಗಾಯಿತು. ಇಂಥದ್ದನ್ನು ಅವನು ಎಷ್ಟು ವರ್ಷ ತೊಡೆಯ ಮೇಲಿಟ್ಟುಕೊಂಡು ರಿಪೇರಿ ಮಾಡಿಲ್ಲ.

ಹತ್ತಿರ ಹೋಗಿ ಬಗ್ಗಿ ನೋಡಿದ. ಅಂದು ಗುರುವಾರ. ಸೋಮವಾರ ಬಾಗಿಲು ಮುಚ್ಚಿದ್ದ ದಿನ ಗೆರೆ ನಿದ್ದೆಹೋದವನ ಉಸಿರಿನಂತೆ ನೆಟ್ಟಗಿತ್ತು. ಮಂಗಳವಾರ ಹತ್ತು ಗಂಟೆಗೆ ಜನ ಬಂದಿದ್ದರು; ಅವರ ಉಸಿರಿಗೆ ತೇವದ ಗೆರೆ ಮೆಲ್ಲಗೆ ಏರಿತ್ತು. ಬುಧವಾರ ಮಧ್ಯಾಹ್ನ ಒಂದು ಗುಡ್ಡ, ಬಹುಶಃ ಶಾಲೆಯ ಮಕ್ಕಳು. ಗುರುವಾರದ ಕೊನೆಯ ಪುಟ್ಟ ಏರು ತಾವೇ ಇಬ್ಬರು. ಮುಂದೆ ಶುಕ್ರವಾರ, ಶನಿವಾರ, ಭಾನುವಾರ ಎಲ್ಲ ಖಾಲಿ. ಬರಬೇಕಾದ ದಿನವನ್ನು ಮುಂಚೆಯೇ ಬರೆದಿಡುವ ಅಭ್ಯಾಸ ಈ ಯಂತ್ರಕ್ಕಿರಲಿಲ್ಲ.

ಅವನು ಬರೆದಿದ್ದ. ಹದಿನೇಳು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಐದೂವರೆಗೆ, ನಿಂತುಕೊಂಡೇ, ಚೀಲ ಹೆಗಲಿಗೆ ಹಾಕಿಕೊಂಡೇ. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದರು, ಅವಳು ಮೂರು ರಾತ್ರಿ ಅಲ್ಲೇ. ಮಗಳೂ ಅಲ್ಲೇ, ಅಜ್ಜಿಯ ಜೊತೆ. ಭಾನುವಾರ ಮೂರು ಸಲ ಲ್ಯಾಬಿಗೆ ಹೋಗಿ ಇಪ್ಪತ್ತು ಡಿಗ್ರಿಯಲ್ಲಿ ಇರಬೇಕಾದ ಸಣ್ಣ ಮೊಳಕೆ ಪೆಟ್ಟಿಗೆಯ ಉಷ್ಣತೆ ಓದಿ ಬರೆಯುವ ಸರದಿ ಅವನದು. ಆ ವಾರ ಆ ಪೆಟ್ಟಿಗೆಯೊಳಗೆ ಇದ್ದದ್ದು ಒಂದೇ ಮಾದರಿ, ಅವಳೇ ಶುಕ್ರವಾರ ಇಟ್ಟ ಈರುಳ್ಳಿ ಬೀಜ. ಖಾಲಿ ಮನೆಯಲ್ಲಿ ಒಂದು ದಿನ, ಬರೀ ಬನಿಯನ್ನಿನಲ್ಲಿ, ಯಾರ ಮುಖವನ್ನೂ ನೋಡದೆ ಮಲಗಿ ಪದಬಂಧ ತುಂಬಬೇಕೆಂಬುದನ್ನು ಬಿಟ್ಟರೆ ಅವನಿಗೆ ಬೇರೆ ಕಾರಣವೇ ಇರಲಿಲ್ಲ. ಎಷ್ಟು ಹುಡುಕಿದರೂ ಅದಕ್ಕಿಂತ ದೊಡ್ಡ ಕಾರಣ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಎಂದೋ ಹೇಳಿಬಿಡುತ್ತಿದ್ದನೇನೋ. ಬೆಳಿಗ್ಗೆ 20.1, ಮಧ್ಯಾಹ್ನ 19.9, ಸಂಜೆ 20.2. ಮೂರೂ ಇಪ್ಪತ್ತು ಎಂದೇ ಬರೆದರೆ ಸುಳ್ಳು ಎಂದು ಕಾಣುತ್ತದೆಂದು ದಶಾಂಶವನ್ನು ಸ್ವಲ್ಪ ಅತ್ತಿತ್ತ ಕದಲಿಸಿದ್ದ. ಆ ಮೂರು ದಶಾಂಶಗಳು ಈಗಲೂ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ, ಊಟದ ತಟ್ಟೆಯೆದುರು ನೆನಪಾಗುತ್ತವೆ. ಸೋಮಾರಿತನವನ್ನು ಅವನು ಕ್ಷಮಿಸಿಕೊಂಡಾನು. ಆ ಜಾಣತನವನ್ನಲ್ಲ.

ನೆನಪಿನ ಭಾರಕ್ಕೋ ಬಗ್ಗಿ ನಿಂತ ಸೊಂಟದ ನೋವಿಗೋ ಅವನ ಮೊಣಕೈ ಸ್ಟೂಲಿನ ಅಂಚಿಗೆ ಒರಗಿತು. ಸ್ಟೂಲಿನ ಒಂದು ಕಾಲು ಗಿಡ್ಡ. ಟಕ್ ಎಂದು ಅದು ವಾಲಿ ಹಿಂದಕ್ಕೆ ಬಂತು, ಲೇಖನಿ ಎಗರಿ ಗುರುವಾರದ ಮೇಲೆ ನೆಟ್ಟಗೆ ಒಂದು ಗೆರೆ ಎಳೆದು ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಸದ್ದು ಸಣ್ಣದು, ಆದರೆ ಕಾವಲಿನ ಹೆಂಗಸು ಎದ್ದಾಗಿತ್ತು. ಅಷ್ಟರಲ್ಲಿ ಹೆಂಡತಿ ಅವನ ಪಕ್ಕಕ್ಕೆ ಬಂದಿದ್ದಳು, 'ಏನು ನೋಡ್ತಿದ್ದೀರಿ' ಎಂದು ಕೇಳಲು. ಅವಳ ಕೈಚೀಲ ಸ್ಟೂಲಿನ ಹತ್ತಿರವೇ ತೂಗುತ್ತಿತ್ತು. ಕಾವಲಿನವಳು ಗೆರೆ ನೋಡಿದಳು, ಚೀಲ ನೋಡಿದಳು. "ಚೀಲವಾ?" ಎಂದಳು. ಅವನು ಬಾಯಿ ತೆರೆದ. ತೆರೆದ ಬಾಯಿಂದ ಮಾತು ಬರುವ ಮೊದಲೇ ಹೆಂಡತಿ ಎದೆಗೆ ಕೈಯಿಟ್ಟುಕೊಂಡು, "ಸಾರಿ, ಸಾರಿ, ನಂದೇ" ಎಂದಳು. "ಅಯ್ಯೋ ನೋಡಿ, ನನ್ನ ಚೀಲ ತಗುಲಿಬಿಡ್ತು. ನಾನು ಎಲ್ಲಿಗೆ ಹೋದ್ರೂ ಹೀಗೇ." ಚೀಲವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಳು. ಕಾವಲಿನವಳು ಬೈಯಲಿಲ್ಲ. ಕೀಲಿ ತೆಗೆದು, ಕೋಟಿನ ಜೇಬಿನಿಂದ ಪೆನ್ಸಿಲ್ ತೆಗೆದು, ಆ ನೆಟ್ಟನೆಯ ಗೆರೆಯ ಪಕ್ಕ ಗಂಟೆ ಬರೆದು, ತನ್ನ ಭಾಷೆಯಲ್ಲಿ ಎರಡು ಪದ ಬರೆದಳು. ಬರೆಯುತ್ತಾ ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದಳು: "ಹೆಂಗಸು. ಚೀಲ." ಗಾಜು ಮುಚ್ಚಿದಳು. ಯಂತ್ರ ಮತ್ತೆ ಬರೆಯತೊಡಗಿತು. ಹೇಳಲು ಇದ್ದದ್ದು ಮೂರು ಸೆಕೆಂಡು, ಹೆಚ್ಚೆಂದರೆ ನಾಲ್ಕು. ಅಷ್ಟು ಹೊತ್ತು ಅವನ ಬಾಯಿ ತೆರೆದೇ ಇತ್ತು, ಆಮೇಲೆ ಮುಚ್ಚಿಕೊಂಡಿತು. ಹದಿನೇಳು ವರ್ಷದ ಹಿಂದೆಯೂ ಇಷ್ಟೇ ಹೊತ್ತು.

ಆಗಲೂ ಹೇಳಬೇಕೆಂದೇ ನಿರ್ದೇಶಕರ ಕೋಣೆಗೆ ಹೋಗಿದ್ದ. ಬೀಜವೆಲ್ಲ ಸತ್ತಿದೆ ಎಂದು ಅವರ ಲ್ಯಾಬು ವರದಿ ಕೊಟ್ಟಿತ್ತು. ಅದೇ ಬೀಜ ಇನ್ನೊಂದು ಲ್ಯಾಬಿನಲ್ಲಿ ನೂರಕ್ಕೆ ತೊಂಬತ್ತೆರಡು ಮೊಳೆತಿತ್ತು. ನಿರ್ದೇಶಕರು ಉಷ್ಣತೆಯ ರಿಜಿಸ್ಟರ್ ತಿರುವಿ, "ಇದು ಚೊಕ್ಕವಾಗಿದೆ" ಎಂದರು. ಅವನು ಬಾಯಿ ತೆರೆದ. ಪಕ್ಕದ ಕುರ್ಚಿಯಿಂದ ಅವಳು, ಎಲ್ಲಿಲ್ಲದ ಅಭಿಮಾನದಿಂದ, "ಅವರು ಬರೆದ ಅಂಕಿ ತಪ್ಪಿರಲ್ಲ ಸರ್" ಎಂದಳು. ಮುಗಿಯಿತು. ಇನ್ನು ಉಳಿದದ್ದು ಬೀಜ ಇಟ್ಟ ಕೈ. ಬೀಜದ ಕಾಗದ ನೆನೆಸುವ ಭಟ್ಟಿ ಇಳಿಸಿದ ನೀರಿನ ಬಾಟಲಿಯ ಪಕ್ಕದಲ್ಲೇ ಬ್ಲೀಚಿನ ಬಾಟಲಿ ಇರುತ್ತದಲ್ಲ ಎಂದರು ನಿರ್ದೇಶಕರು; ಎರಡೂ ಒಂದೇ ಥರ ಅಲ್ಲವೇ; ನಿಮ್ಮ ತಾಯಿಗೂ ಹುಷಾರಿರಲಿಲ್ಲ. ಅವಳು ನೆಲ ನೋಡಿದಳು. "ವಾಸನೆ ಬಂದಿತ್ತು ಸರ್. ಈಗ ನೆನಪಾಗ್ತಿದೆ" ಎಂದಳು. ಸ್ಟೋರಿನವನು ಕಾರಿಡಾರಿನಲ್ಲಿ, "ಈರುಳ್ಳಿಗೇ ಕಣ್ಣೀರು ಹಾಕಿಸಿದ್ರಲ್ಲ ಮೇಡಂ" ಎಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಆರು ತಿಂಗಳಲ್ಲಿ ಅವಳು ಕೇಳಿ ಕೇಳಿ ಕಡತಗಳ ವಿಭಾಗಕ್ಕೆ ವರ್ಗ ಮಾಡಿಸಿಕೊಂಡಳು, ಮತ್ತೆರಡು ವರ್ಷಕ್ಕೆ ಕೆಲಸವನ್ನೇ ಬಿಟ್ಟಳು. ಅವಳ ಕುರ್ಚಿಯಲ್ಲಿ ಅವನು ಕೂತ. ಅದರ ಹತ್ತಿಯ ಮೆತ್ತೆಯಲ್ಲಿ ಅವಳ ಮೈಯ ತಗ್ಗು ಹಾಗೇ ಇತ್ತು.

ಮ್ಯೂಸಿಯಮ್ಮಿನ ಕೆಳಗಿನ ಅಂತಸ್ತಿನಲ್ಲಿ ಕಾಫಿ ಸಿಗುವ ಜಾಗವಿತ್ತು. ಕಿಟಕಿಯ ಪಕ್ಕದ ಮೇಜಿಗೆ ಕೂತರು. ಚೀಲವನ್ನು ಅವಳು ಇನ್ನೂ ಮಡಿಲಿನಿಂದ ಕೆಳಗಿಟ್ಟಿರಲಿಲ್ಲ. ಬಡಿಸುವ ಹೆಂಗಸು ಎರಡು ಲೋಟ ನೀರಿಟ್ಟು, ಹೇಳಿದ ಕಾಫಿ ತರಲು ಹೋದಳು.

"ಪಾಪ, ಆ ಯಮ್ಮನ ಇಡೀ ವಾರದ ಕಾಗದ ಹಾಳು ಮಾಡ್ದೆ" ಎಂದಳು ಹೆಂಡತಿ.

"ನೀನಲ್ಲ ಕಣೇ. ನನ್ನ ಮೊಣಕೈ."

"ಆಹಾ."

"ನಿಜವಾಗ್ಲೂ. ನಾನು ಒರಗಿದೆ. ಸ್ಟೂಲು ವಾಲಿತು."

ಅವಳ ಮುಖ ಮೆತ್ತಗಾಯಿತು. ಆ ಮೆತ್ತನೆಯ ಮುಖಕ್ಕೆ ಅವನು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದ. "ನಿಮ್ಮ ಈ ಗುಣ ನನಗೆ ಗೊತ್ತಿಲ್ವಾ? ಮೊನ್ನೆ ರೈಲಿನಲ್ಲೂ ಹೀಗೇ ಅಂದ್ರಿ. ನನ್ನ ತಪ್ಪನ್ನೆಲ್ಲ ನಿಮ್ಮ ಮೈಮೇಲೆ ಎಳ್ಕೊಳ್ಳೋದು. ಬೇಡ ರೀ. ಈ ಕೈ ಏನು ಅಂತ ನನಗೇ ಗೊತ್ತು. ಆಫೀಸಲ್ಲೂ ಗೊತ್ತಾಯ್ತಲ್ಲ."

ಹೀಗೇ ಬಿಟ್ಟುಬಿಡಬಹುದಿತ್ತು. ಒಬ್ಬ ಒಳ್ಳೆಯ ಗಂಡ ಹೆಂಡತಿಯ ತಪ್ಪನ್ನು ಮುಚ್ಚಿಹಾಕುತ್ತಿದ್ದಾನೆ, ಅವಳು ಅವನನ್ನು ಕ್ಷಮಿಸುತ್ತಿದ್ದಾಳೆ. ಕಾಫಿ ಬರುತ್ತದೆ, ಕುಡಿಯುತ್ತಾರೆ, ಬಿಲ್ಲೆ ಕೊಟ್ಟು ಬಾಟಲಿ ಪಡೆಯುತ್ತಾರೆ. ಅವನು ಅವಳ ಕೈ ನೋಡಿದ. ಚೀಲದ ಬಾರನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಬಿಳುಪಾಗಿತ್ತು. ಚಿಮಟ ಹಿಡಿಯುತ್ತಿದ್ದ ಬೆರಳು. ಅವನಿಗೆ ತನ್ನ ದನಿ ಬೇರೆ ಯಾರದೋ ದನಿಯಂತೆ ಕೇಳಿಸಿತು.

"ಆ ಭಾನುವಾರ ನಾನು ಲ್ಯಾಬಿಗೆ ಹೋಗಿರ್ಲಿಲ್ಲ."

"ಯಾವ ಭಾನುವಾರ?" ಎಂದಳು, ಕೇಳುವಾಗಲೇ ಅರ್ಥವಾದವಳಂತೆ.

"ಶನಿವಾರವೇ ಬರೆದಿಟ್ಟಿದ್ದೆ. ಮೂರೂ. ಸೋಮವಾರ ಎಂಟಕ್ಕೆ ಬಂದಾಗ ಪೆಟ್ಟಿಗೆ ಐವತ್ತೆರಡು ತೋರಿಸ್ತಿತ್ತು. ಥರ್ಮೋಸ್ಟಾಟು ಕಚ್ಚಿಕೊಂಡಿತ್ತು. ಗುದ್ದಿದೆ, ಬಿಟ್ಟುಕೊಂಡ್ತು. ನೀನು ಬರೋ ಹೊತ್ತಿಗೆ ಇಪ್ಪತ್ತಕ್ಕೆ ಬಂದಿತ್ತು. ಬೀಜ ಬದುಕಿರುತ್ತೆ ಅಂದ್ಕೊಂಡೆ. ಬದುಕಿರ್ಲಿ ಅಂತ ಬೇಡ್ಕೊಂಡೆ."

ಅವಳು ತಲೆಯಾಡಿಸಿದಳು, ಇಲ್ಲ ಎಂದು, ಮಗುವಿಗೆ ಹೇಳುವಂತೆ. "ಇಷ್ಟು ವರ್ಷ ಆದ್ಮೇಲೆ, ನನ್ನ ಸಮಾಧಾನಕ್ಕೆ ಅಂತ, ಇಂಥ ಸುಳ್ಳು ಹೇಳ್ತೀರಾ? ನನಗೆ ವಾಸನೆ ಬಂದಿತ್ತು ರೀ. ಬ್ಲೀಚು. ನನ್ನ ಅಮ್ಮನ ಮುಖ ಮರೆತೀನಿ, ಆ ವಾಸನೆ ಮರೆಯಲ್ಲ."

"ಬಂದಿತ್ತು. ಸೋಮವಾರ ಬಂದಿತ್ತು, ಶುಕ್ರವಾರ ಅಲ್ಲ. ಬಾಗಿಲು ತೆಗೆದ್ರೆ ಬೆಂದ ವಾಸನೆ ಹೊಡೀತಿತ್ತು, ಒದ್ದೆ ಕಾಗದ, ಬೀಜ, ಎಲ್ಲ. ಕಿಟಕಿ ತೆಗೆದೆ, ಹೋಗಲಿಲ್ಲ. ಬ್ಲೀಚ್ ಬಟ್ಟೇಲಿ ಪೆಟ್ಟಿಗೆ ಬಾಗಿಲು ಒರೆಸಿದೆ. ನೀನು ಆಸ್ಪತ್ರೆಯಿಂದ ನೇರ ಬಂದೆ. ಹಸಿರು ಸ್ವೆಟರು. ಬಾಗಿಲಲ್ಲೇ ನಿಂತು 'ಏನಿದು ಬ್ಲೀಚು?' ಅಂದೆ. 'ಕ್ಲೀನಿಂಗ್ ಮೇಡಂ' ಅಂದೆ ನಾನು. ನಿನ್ನ ಮೂಗು ಸರಿಯಾಗೇ ಇತ್ತು. ದಿನ ಮಾತ್ರ ಹಿಂದೆ ಮುಂದೆ ಆಯ್ತು. ಅವತ್ತು ಸಾಹೇಬರ ಮುಂದೆ ನೀನು ವಾಸನೆ ಅಂದಾಗ, ಯಾವ ದಿನದ ವಾಸನೆ ಅಂತ ನನಗೆ ಗೊತ್ತಿತ್ತು."

ಕಾಫಿ ಬಂತು. ಬಡಿಸುವ ಹೆಂಗಸು ಎರಡು ಬಟ್ಟಲು, ಸಕ್ಕರೆ ಪೊಟ್ಟಣ, ಚಮಚ, ಒಂದೊಂದಾಗಿ ಇಟ್ಟಳು. ಅಷ್ಟು ನಿಧಾನ ಯಾರೂ ಇಟ್ಟದ್ದನ್ನು ಅವನು ನೋಡಿರಲಿಲ್ಲ. ಇಟ್ಟು ಹೋದಳು. ಹೆಂಡತಿ ಅಳುತ್ತಾಳೆ ಎಂದುಕೊಂಡ. ಕೂಗುತ್ತಾಳೆ ಎಂದುಕೊಂಡ, ಕೂಗಿದರೆ ಈ ಜನರ ಮಧ್ಯೆ ಹೇಗೆ ಎಂದೂ ಒಂದು ಗಳಿಗೆ ಯೋಚಿಸಿ, ಹಾಗೆ ಯೋಚಿಸಿದ ತನ್ನ ಮೇಲೆ ಹೇಸಿಗೆಪಟ್ಟ. ಅವಳ ಕಣ್ಣು ಮೇಜಿನ ಮೇಲಿತ್ತು, ಆದರೆ ಅದು ಮೇಜನ್ನು ನೋಡುತ್ತಿರಲಿಲ್ಲ. ಎಲ್ಲೋ ದೂರದ ಒಂದು ಬಾಗಿಲಲ್ಲಿ ಹಸಿರು ಸ್ವೆಟರಿನಲ್ಲಿ ನಿಂತು, ಗಾಳಿಯನ್ನು ಮೂಸಿ ನೋಡುತ್ತಿದ್ದಳು. ಆಮೇಲೆ ಬೆರಳಿಗೆ ಸುತ್ತಿದ್ದ ಬಾರು ಬಿಚ್ಚಿದಳು. ಚೀಲವನ್ನು ಮಡಿಲಿನಿಂದ ತೆಗೆದು ಪಕ್ಕದ ಕುರ್ಚಿಯ ಮೇಲಿಟ್ಟಳು. ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಎಷ್ಟು ಹೊತ್ತಿಂದ ಐವತ್ತೆರಡಿತ್ತು?"

"ಗೊತ್ತಿಲ್ಲ."

"ಶನಿವಾರ ಸಂಜೆ ನೀವು ಹೊರಡೋವಾಗ?"

"ಇಪ್ಪತ್ತು. ಅದು ನಿಜವಾಗಿ ಓದಿದ್ದು."

"ಏನೇನು ಬರೆದ್ರಿ ಭಾನುವಾರಕ್ಕೆ?"

"20.1, 19.9, 20.2."

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. "ಆ ಥರ್ಮಾಮೀಟರಿಗೆ ಅರ್ಧ ಡಿಗ್ರಿಗೊಂದು ಗೆರೆ" ಎಂದಳು ಮೆಲ್ಲಗೆ. "ಅದರಲ್ಲಿ ಪಾಯಿಂಟ್ ಒಂದು, ಪಾಯಿಂಟ್ ಎರಡು ಓದಕ್ಕೇ ಆಗಲ್ಲ. ನಾನು ಅದನ್ನ ನೋಡಿ ಸಹಿ ಹಾಕಿದೆ. ನಿಮ್ಮ ಕೈಬರಹ ಅಂತ ಹಾಕಿದೆ."

"ಹೌದು ಮೇಡಂ" ಎಂದ. ಮಾತು ತಾನಾಗಿಯೇ ಬಂದಿತ್ತು. ಇಬ್ಬರೂ ನಗಲಿಲ್ಲ.

ಅವಳು ಚೀಲದಿಂದ ಪ್ರವಾಸದ ನೋಟುಪುಸ್ತಕ ತೆಗೆದಳು, ಮಗಳು ಹೊರಡುವ ದಿನ ಕೊಟ್ಟದ್ದು, ರೈಲಿನ ವೇಳೆ ಬರೆದುಕೊಳ್ಳಲು. ಖಾಲಿ ಪುಟವೊಂದನ್ನು ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದು, ಎರಡನ್ನೂ ಅವನ ಕಡೆ ತಿರುಗಿಸಿ ಇಟ್ಟಳು. "ಬರೀರಿ."

"ಏನು?"

"ಭಾನುವಾರದ್ದು. ಅಂಕಣ ಹಾಕಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಓದಿದ್ದನ್ನ ಮಾತ್ರ ಬರೀರಿ."

ಅವನು ಅಂಕಣ ಹಾಕಿದ. ಬೆಳಿಗ್ಗೆಯ ಎದುರು ಒಂದು ಅಡ್ಡಗೆರೆ ಎಳೆದ. ಮಧ್ಯಾಹ್ನದ ಎದುರು ಒಂದು. ಸಂಜೆಯ ಎದುರು ಒಂದು. ಮೂರು ಗೆರೆ ಎಳೆಯಲು ಇಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಅದರ ಕೆಳಗೆ ಸೋಮವಾರ ಬೆಳಿಗ್ಗೆ ಎಂಟು, ಐವತ್ತೆರಡು. ಸಹಿ ಹಾಕಿದ. ಕೊನೆಯ ಅಂಕಣಕ್ಕೆ, ಅಭ್ಯಾಸಬಲದಿಂದ, 'ಪರಿಶೀಲಿಸಿದವರು' ಎಂದು ತಾನೇ ತಲೆಬರಹ ಬರೆದು, ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ತಿರುಗಿಸುವಾಗ ಒಳಗೆ ಒಂದು ಸಣ್ಣ ಆಸೆ ತಲೆಯೆತ್ತಿತು, ಅವನಿಗೇ ನಾಚಿಕೆಯಾಗುವಂಥದ್ದು: ಇನ್ನು ಮುಗಿಯಿತು, ಈಗ ಸಹಿ ಹಾಕುತ್ತಾಳೆ.

ಅವಳು ಪೆನ್ನು ಕೈಗೆತ್ತಿಕೊಂಡು ಓದಿದಳು. ಮೇಲಿಂದ ಕೆಳಗೆ, ಮತ್ತೆ ಮೇಲಿಂದ. ಪೆನ್ನಿನ ಮೊನೆ ಕೊನೆಯ ಅಂಕಣದ ಮೇಲೆ ಬಂದು ಕಾಗದಕ್ಕೆ ತಗುಲದೆ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಅವನ ಕಾಫಿಯ ಮೇಲೆ ಕೆನೆ ಕಟ್ಟಿತು. ಆಮೇಲೆ ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಪುಸ್ತಕ ಮುಚ್ಚಿ ಚೀಲದೊಳಗಿಟ್ಟುಕೊಂಡಳು.

"ಆ ಕುರ್ಚಿ" ಎಂದಳು. "ನನ್ನ ಕುರ್ಚೀಲಿ ಕೂತು ಹೇಗೆ ಊಟ ಮಾಡ್ತಿದ್ರಿ ದಿನಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ನೀರಿನ ಲೋಟ ಎತ್ತಿದಳು. ಎತ್ತಿದ ಕೈ ತನ್ನಷ್ಟಕ್ಕೇ ಮೂಗಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ಅವಳಿಗೇ ಗೊತ್ತಾಗಿ ನಿಂತಳು. ಲೋಟವನ್ನು ನೋಡಿದಳು, ಕೈಯನ್ನು ನೋಡಿದಳು, ಬೇರೆ ಯಾರೋ ಅಲ್ಲಿಟ್ಟು ಹೋದ ಕೈಯನ್ನು ನೋಡುವ ಹಾಗೆ. ಕುಡಿಯದೆ ಕೆಳಗಿಟ್ಟಳು.

"ಎಲ್ಲಿಗೆ?" ಎಂದ, ಅವಳು ಎದ್ದದ್ದು ಕಂಡು.

"ಮೇಲಕ್ಕೆ. ಆ ಯಮ್ಮ ಕಾಗದದಲ್ಲಿ ಹೆಂಗಸು, ಚೀಲ ಅಂತ ಬರೆದಿದ್ದಾಳಲ್ಲ. ಹೊಡೆದು ಹಾಕಿಸಬೇಕು. ಗಂಡಸು, ಮೊಣಕೈ."

"ನಾನೂ ಬರ್ತೀನಿ. ನಾನೇ ಹೇಳ್ತೀನಿ."

"ಬೇಡ. ನೀವಿಲ್ಲೇ ಕೂತಿರಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಂಜೆಯ ಗೇಟಿನಾಚೆಯ ಸಲುಗೆಯೂ ಇರಲಿಲ್ಲ. "ಆಮೇಲೆ ಬೀಗದ ಕೈ ಎಣಿಸಿ ಬರ್ತೀನಿ. ತಡವಾಗುತ್ತೆ."

ಮೆಟ್ಟಿಲು ಹತ್ತುವ ಅವಳ ಬೆನ್ನನ್ನು ನೋಡಿದ. ಚೀಲ ಈಗ ಹೆಗಲಲ್ಲಿ ಬೇಕಾದ ಹಾಗೆ ತೂಗುತ್ತಿತ್ತು, ಕಂಬಿಗೆ ಒಂದು ಸಲ ಬಡಿಯಿತು, ಅವಳು ತಿರುಗಿ ನೋಡಲಿಲ್ಲ. ಹಿತ್ತಾಳೆಯ ಬಿಲ್ಲೆ, ಆ ಎರಡು ಟಿಕೆಟುಗಳ ಜೊತೆ, ಅವನ ಜೇಬಿನಲ್ಲೇ ಇತ್ತು. ಅದನ್ನು ಅವಳು ಕೇಳಿರಲಿಲ್ಲ, ಎಣಿಸಿ ನೋಡಿ ಎಂದೂ ಹೇಳಿರಲಿಲ್ಲ. ಮೇಲೆ ಗುರುವಾರದ ಗೆರೆ, ಅವಳೊಬ್ಬಳ ಉಸಿರಿಗೆ, ಈಗ ಕೂದಲೆಳೆಯಷ್ಟು ಏರುತ್ತಿರಬಹುದು.

ಅವಳ ಲೋಟ ಎದುರಿಗಿತ್ತು. ಹದಿನೇಳು ವರ್ಷ ಅವಳು ಮೂಸುವುದನ್ನು ಅವನು ನೋಡಿದ್ದ, ಮದುವೆಮನೆಗಳಲ್ಲಿ ಅದಕ್ಕೆ ಸಬೂಬು ಹೇಳಿದ್ದ, ಡಾಕ್ಟರಿಗೆ ಕಾಯಿಲೆಯೆಂಬಂತೆ ವರ್ಣಿಸಿದ್ದ. ತಾನೊಮ್ಮೆಯೂ ಮೂಸಿ ನೋಡಿರಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ಮೂಗಿನ ಹತ್ತಿರ ತಂದ. ಕಣ್ಣು ಮುಚ್ಚಿದ. ಮೊದಲು ಏನೂ ಇಲ್ಲ ಎನ್ನಿಸಿತು. ಆಮೇಲೆ, ಬಹಳ ತೆಳುವಾಗಿ, ಊರಿನ ನೀರಿಗೆಲ್ಲ ಶುದ್ಧಿಗೆಂದು ಎಲ್ಲೋ ಒಂದು ಕಡೆ ಹಾಕುವಷ್ಟೇ, ಬ್ಲೀಚಿನ ವಾಸನೆ ಇತ್ತು. ಇದ್ದೇ ಇತ್ತು. ಅವನು ಕಣ್ಣು ತೆರೆಯದೆ, ತಳ ಕಾಣುವವರೆಗೂ ಅದನ್ನು ಕುಡಿದ.